ಮೊದಲ ಭೂಮಿಗೆ ನೀರು ಕೊಡ್ರಿ

ಕಲಿಸುವವರಿಗೆ ಕಲಿಸಲು ಹೊರಟವರ ಗತಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ನನ್ನನ್ನು ಕೇಳಬೇಕು. ವಾರಕ್ಕೊಂದಾದರೂ ಫಜೀತಿ ಆಗಲೇಬೇಕು. ಆಗದ ವಾರ ನಮ್ಮ ಯಜಮಾನರೇ ಗಾಬರಿಯಾಗಿ, "ಯಾಕ, ಆರಾಮ ಇದ್ದೀ ಇಲ್ಲೋ?" ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ಯಜಮಾನರ ಬ್ಯಾಂಕ್ ನೌಕರಿಯಿಂದಾಗಿ ಧಾರವಾಡ ಬಿಟ್ಟ ನಾವು ನಾಗಪುರದ ಬಜಾಜ್ ನಗರದಲ್ಲಿ ಬೇರು ಬಿಟ್ಟಾಗಿತ್ತು. ನಾನು ಹದಿನೆಂಟು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಒಂದು ದಿನ ಆ ಖಾಯಂ ನೌಕರಿಗೆ ರಾಜೀನಾಮೆ ಕೊಟ್ಟು, ಕಾಟೋಲ್ ರಸ್ತೆಯಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ತೋಟ ಸೇರಿದೆ. ಕೆಲಸವೇನೆಂದರೆ ಹದಿನಾಲ್ಕು ಜನ ರೈತರನ್ನು ಶಿಕ್ಷಕರನ್ನಾಗಿ ತಯಾರು ಮಾಡುವುದು. ಅವರು ತಮ್ಮ ತಮ್ಮ ಹೊಲಕ್ಕೆ ಶಾಲೆಯ ಮಕ್ಕಳನ್ನೂ ನೆರೆಯ ರೈತರನ್ನೂ ಕರೆಸಿ, ಮಳೆ ಯಾಕೆ ಹದ ತಪ್ಪಿದೆ, ಬಿಸಿಲು ಯಾಕೆ ಏರುತ್ತಿದೆ, ಸತ್ತ ಮಣ್ಣಿಗೆ ಮತ್ತೆ ಜೀವ ಬರಿಸುವುದು ಹೇಗೆ ಎಂದು ಕಲಿಸಬೇಕು. ಸುದ್ದಿ ಕೇಳಿ ಧಾರವಾಡದಿಂದ ನಮ್ಮ ಅಕ್ಕ ಫೋನ್ ಮಾಡಿ, "ಅಂದ್ರ ನೀ ಈಗ ರೈತರಿಗೆ ಒಕ್ಕಲುತನ ಕಲಸಾಕಿ? ನಿನ್ನ ತುಳಸಿ ಗಿಡ ಒಣಗಿದ್ದು ಅವರಿಗೆ ಗೊತ್ತೈತೇನು?" ಎಂದಳು.

ಉದ್ಘಾಟನೆಗೆ ಮುಖ್ಯ ಕಚೇರಿಯಿಂದ ಸಾಹೇಬರು ಬಂದರು. ಬ್ಯಾನರ್ ಇಲ್ಲದೆ ನಡೆದ ಕಾರ್ಯಕ್ರಮ ಅವರ ಪಾಲಿಗೆ ನಡೆದೇ ಇಲ್ಲ. ಆಗಿನ್ನೂ ಬ್ಯಾನರ್ ಎಂದರೆ ಬಟ್ಟೆ, ಪೇಂಟರ್ ಕುಂಚ ಹಿಡಿದು ಬರೆಯಬೇಕು. ಇತವಾರಿ ಪೇಟೆಯಿಂದ ತಂದ ದಪ್ಪ ಹತ್ತಿಬಟ್ಟೆಯ ಎಡಕ್ಕೆ 'ಹವಾಮಾನ ಬದಲಾವಣೆ ಮತ್ತು ಪುನಶ್ಚೇತನ ಕೃಷಿ: ತೋಟದ ಶಿಕ್ಷಕರ ತರಬೇತಿ' ಎಂದು ಬರೆಸಿದ್ದರು. ಬಲಕ್ಕೆ ಅಷ್ಟೇ ಜಾಗ ಹಿಡಿದು ಸಾಹೇಬರ ಹೆಸರು, ಪದವಿ, ಹುದ್ದೆ ಎಲ್ಲ ಇತ್ತು. ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

"ಮಳೆಗಾಲ ಮುಗಿಯೂ ಹೊತ್ತಿಗೆ ಬಂದು ನೋಡ್ತೀನಿ. ಇವರು ಬರೋಬರ್ ಕಲಸಾಕತ್ತಿದ್ರ ಈ ಕೋರ್ಸು ಮುಂದಿನ ವರ್ಷಾನೂ ಇರತೈತಿ. ಇಲ್ಲಂದ್ರ ಖಲಾಸ್."

ಸಾಹೇಬರು ಆಡಿದ್ದು ಹಿಂದಿ, ತೋಟದ ಉಳಿದ ಮಾತೆಲ್ಲ ಮರಾಠಿ. ನನ್ನ ಕಿವಿಯೊಳಗೆ ಮಾತ್ರ ಎಲ್ಲರೂ ಧಾರವಾಡದ ಕನ್ನಡದಲ್ಲೇ ಮಾತಾಡುತ್ತಾರೆ, ಹಾಗೆಯೇ ಬರೆಯುತ್ತೇನೆ. ಬಿಟ್ಟು ಬಂದ ಶಾಲೆ ನನ್ನನ್ನು ಮತ್ತೆ ಸೇರಿಸಿಕೊಳ್ಳುವಂತಿರಲಿಲ್ಲ. ಆ 'ಖಲಾಸ್' ಮಳೆಗಾಲವಿಡೀ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

೧. ಕಂಬಳಿ ಹೊದ್ದ ಭೂಮಿ

ಜೂನ್ ತಿಂಗಳ ಮೊದಲ ಪಾಠ. ಮಳೆ ಇನ್ನೂ ಬಂದಿರಲಿಲ್ಲ. ನಾಗಪುರದ ಬಿಸಿಲಿನಲ್ಲಿ ಒಂದು ತಗಡಿನ ಶೆಡ್ಡೇ ನಮ್ಮ ತರಗತಿ. ಭೂಮಿಯ ಸುತ್ತಲಿನ ಗಾಳಿ ಶಾಖವನ್ನು ಹೇಗೆ ಹಿಡಿದಿಡುತ್ತದೆ ಎಂದು ಹೇಳಬೇಕಿತ್ತು. ಪುಸ್ತಕದ ಚಿತ್ರ ಯಾರಿಗೆ ಬೇಕು, ಕಣ್ಣಿಗೆ ಕಾಣುವಂತೆ ಮಾಡೋಣ ಎಂದು ಮನೆಯಿಂದ ಎರಡು ಕರಿ ಕಂಬಳಿ ಹೊತ್ತುಕೊಂಡು ಹೋಗಿದ್ದೆ.

"ಯಾರರೆ ಒಬ್ಬರು ಭೂಮಿ ಆಗ್ರಿ" ಎಂದೆ.

ಫೌಜಿ ಎದ್ದು ನಿಂತರು. ಇವರು ನಮ್ಮ ಬಿಜಾಪುರದ ಕಡೆಯವರೇ. ವಾಯುಪಡೆಯಿಂದ ನಿವೃತ್ತರಾಗಿ ಕಾಮ್ಠಿಯ ಹತ್ತಿರ ಹೊಲ ಮಾಡಿಕೊಂಡಿದ್ದರು. ಎಲ್ಲರೂ ಅವರನ್ನು ಫೌಜಿ ಎಂದೇ ಕರೆಯುತ್ತಿದ್ದರು. ಬಾಗಿಲ ಬಳಿ ಬಿಸಿಲು ಬೀಳುವಲ್ಲಿ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಒಂದು ಕಂಬಳಿ ಹೊದಿಸಿದೆ. "ಇದು ದೇವರು ಕೊಟ್ಟ ಕಂಬಳಿ, ಇದು ಬೇಕು" ಎಂದೆ. ಅದರ ಮೇಲೆ ಎರಡನೆಯದನ್ನು ಹೊದಿಸಿ, "ಇದು ನಾವು ಹೊಗಿ ಬಿಟ್ಟು ಬಿಟ್ಟು ಹೊಚ್ಚಿದ್ದು" ಎಂದೆ. ಆಮೇಲೆ ಹಲಗೆಯ ಕಡೆ ತಿರುಗಿದೆ.

ಸೀಮೆಸುಣ್ಣ ಕೈಗೆ ಬಂದರೆ ನನಗೆ ಹೊತ್ತು ಗೊತ್ತಾಗುವುದಿಲ್ಲ, ಅದು ನನ್ನ ಹಳೆಯ ಜಡ್ಡು. ಕಲ್ಲಿದ್ದಲು, ಪೆಟ್ರೋಲು, ಹೊಲದಲ್ಲಿ ಸುಡುವ ಕೂಳೆ, ಎಲ್ಲವನ್ನೂ ಬರೆದು ಬಾಣ ಹಾಕಿ ಮುಗಿಸುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ತಿರುಗಿ ನೋಡುತ್ತೇನೆ, ಭೂಮಿ ಅಟೆನ್ಷನ್ನಿನಲ್ಲಿ ಕೂತಿದೆ. ಮುಖ ಟೊಮೆಟೊ ಆಗಿದೆ, ಗದ್ದದಿಂದ ಬೆವರು ತೊಟ್ಟಿಕ್ಕಿ ಸ್ಟೂಲಿನ ಕೆಳಗೆ ಸಣ್ಣ ಸಮುದ್ರವಾಗಿದೆ.

"ಅಯ್ಯಯ್ಯ, ಕಂಬಳಿ ತಗೀಬಾರದೇನ್ರಿ?"

"ಆರ್ಡರ್ ಬರಲಿಲ್ಲ ಮ್ಯಾಡಂ."

ನಾಚಿಕೆಯಾಯಿತು. ಆದರೆ ಪಾಠ ಕೈಬಿಟ್ಟು ಹೋಗಬಾರದಲ್ಲ ಎಂದು ತರಗತಿಯ ಕಡೆ ತಿರುಗಿ ಗಂಭೀರವಾಗಿ ಕೇಳಿದೆ: "ಇದರಿಂದ ನಾವು ಏನು ಕಲಿತಿವಿ?"

ಹಿಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಕಿತ್ತಳೆ ಬೆಳೆಗಾರರೊಬ್ಬರಿದ್ದರು, ಎಲ್ಲರಿಗೂ ಕಾಕಾ. ಅವರು ನಿಧಾನಕ್ಕೆ ಎದ್ದು ಹೇಳಿದರು: "ಮೊದಲ ಭೂಮಿಗೆ ನೀರು ಕೊಡ್ರಿ ಮ್ಯಾಡಂ. ಪಾಠ ಆಮ್ಯಾಲ ನೋಡೂಣು."

೨. ನಮ್ಮ ಮನೆಯ ಥರ್ಮಾಮೀಟರು

ಬೋಳು ಮಣ್ಣು ಎಷ್ಟು ಕಾಯುತ್ತದೆ, ಹುಲ್ಲು ಹೊದಿಸಿದ ಮಣ್ಣು ಎಷ್ಟು ತಂಪಾಗಿರುತ್ತದೆ ಎಂದು ಅಳೆದು ತೋರಿಸುವುದು ಮುಂದಿನ ಪಾಠ. ತೋಟದಲ್ಲಿ ಅದಕ್ಕೆಂದೇ ಅಕ್ಕಪಕ್ಕ ಎರಡು ಪಟ್ಟಿ ನೆಲ ಬಿಟ್ಟಿದ್ದರು. ಒಂದಕ್ಕೆ ವರ್ಷಗಟ್ಟಲೆ ಸಗಣಿ ಗೊಬ್ಬರ, ಮೇಲೆ ಸದಾ ಹುಲ್ಲು-ಎಲೆಗಳ ಹೊದಿಕೆ. ಅದು ಜೀವದ ಪಟ್ಟಿ. ಇನ್ನೊಂದನ್ನು ಬರೀ ಉತ್ತು, ಬರೀ ಚೀಲದ ರಾಸಾಯನಿಕ ಗೊಬ್ಬರ ಎರಚಿ, ಬಿಸಿಲಿಗೆ ಹಾಗೇ ಬಿಡುತ್ತಿದ್ದರು. ಅದು ಬೋಳು ಪಟ್ಟಿ.

ಶನಿವಾರ ಯಜಮಾನರ ಬ್ಯಾಂಕು ಅರ್ಧ ದಿನ. ಅವರನ್ನು ಕರೆದುಕೊಂಡು ಇತವಾರಿಗೆ ಹೋಗಿ ಥರ್ಮಾಮೀಟರ್ ಕೇಳಿದೆ. "ಯಾರಿಗೆ ಜ್ವರ?" ಎಂದ ಅಂಗಡಿಯವ. "ಹೊಲಕ್ಕ" ಎಂದರು ಯಜಮಾನರು. ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಎರಡು ಕಟ್ಟಿಕೊಟ್ಟ. ಅಂಗಡಿಯ ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋಗಿರಲಿಲ್ಲ, ಕಬ್ಬಿಣದ ಪೈಪು ಹೇರಿದ ಕೈಗಾಡಿಯೊಂದು ಬಂದು ಯಜಮಾನರ ಚೀಲಕ್ಕೆ ಗುದ್ದಿತು. ಎರಡೂ ಚೂರು. ಅಂಗಡಿಗೆ ಮರಳಿ ಹೋಗೋಣವೆಂದರೆ ಅಷ್ಟರಲ್ಲಿ ಅವನು ಬಾಗಿಲು ಎಳೆಯುತ್ತಿದ್ದ. ನಮ್ಮನ್ನು ನೋಡಿ ಇನ್ನೂ ಜೋರಾಗಿ ಎಳೆದ.

ಮರುದಿನ ಭಾನುವಾರ. ಚೀಲ ಹಿಡಿದ ತಪ್ಪಿಗೆ ಯಜಮಾನರೂ ತೋಟಕ್ಕೆ ಬಂದಿದ್ದರು. ಮಟಮಟ ಮಧ್ಯಾಹ್ನ, ಹದಿನಾಲ್ಕು ಜನ ಕಾಯುತ್ತಿದ್ದಾರೆ. ನನ್ನ ಕೈ ಖಾಲಿ.

"ಥರ್ಮಾಮೀಟರ್ ಯಾಕ ಬೇಕ್ರಿ? ಚಪ್ಪಲಿ ಬಿಟ್ಟು ನಿಂತರ ಆತು" ಎಂದರು ಕಾಕಾ.

ಭೇಷ್ ಎನ್ನಿಸಿತು. ಕಾಕಾ ಬೋಳು ಪಟ್ಟಿಯಲ್ಲಿ ಬರಿಗಾಲಲ್ಲಿ ನಿಂತರು. ನಿಂತೇ ನಿಂತರು. ಅಲ್ಲೇ ನಿಂತು ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಹೊದಿಕೆಯ ಪಟ್ಟಿಗೆ ಬಂದು ನಿಂತು, "ಎರಡೂ ಒಂದ ಐತ್ರಿ" ಎಂದರು. ಉಳಿದವರೂ ನಿಂತು ನೋಡಿದರು. ಹುಟ್ಟಿದಾಗಿನಿಂದ ಹೊಲ ತುಳಿದ ಪಾದಗಳು, ಯಾರಿಗೂ ಏನೂ ಅನ್ನಿಸಲಿಲ್ಲ. ಹದಿನಾಲ್ಕು ಜನ ಕಾದ ಕಾವಲಿಯಂಥ ನೆಲದ ಮೇಲೆ ನಿಂತು ಮಳೆ ಯಾವಾಗ ಬರಬಹುದೆಂದು ಹರಟುತ್ತಿದ್ದರು. ನನ್ನ ಪಾಠ ಮುಳುಗಿತು ಎಂದುಕೊಂಡೆ.

ಆಗ ಎಲ್ಲರ ಕಣ್ಣು ಒಟ್ಟಿಗೆ ಬೇವಿನ ಮರದ ಕೆಳಗೆ ಹೋಯಿತು. ಅಲ್ಲಿ ಯಜಮಾನರು ಬೂಟು, ಕಾಲುಚೀಲ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಬ್ಯಾಂಕ್ ಸಾಹೇಬರ ಕಾಲು ಮೆತ್ತಗ ಇರಬೇಕು" ಎಂದರು ಕಾಕಾ.

ಬೋಳು ಪಟ್ಟಿಯ ಮೇಲೆ ಯಜಮಾನರು "ಒಂದು, ಎರಡು" ಎಂದು ಎಣಿಸಿದರು. ಮೂರು ಎನ್ನುವಾಗ ಗಾಳಿಯಲ್ಲಿದ್ದರು. ಹೊದಿಕೆಯ ಪಟ್ಟಿಯ ಮೇಲೆ ನೂರರ ತನಕ ಎಣಿಸಿ, ಅಲ್ಲಿಂದಲೇ ಪೇಪರ್ ತಂದುಕೊಡಲು ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ಅಂಥ ಕರಾರುವಾಕ್ಕಾದ ಅಳತೆಯನ್ನು ಹದಿನೆಂಟು ವರ್ಷದಲ್ಲಿ ನಾನು ಯಾವ ಪ್ರಯೋಗಶಾಲೆಯಲ್ಲೂ ತೋರಿಸಿರಲಿಲ್ಲ.

ಅಂದಿನಿಂದ ಬಿಸಿಲು ಜೋರಾದಾಗಲೆಲ್ಲ ಹದಿನಾಲ್ವರಲ್ಲಿ ಯಾರಾದರೊಬ್ಬರಿಂದ ಮನೆಗೆ ಫೋನು: "ಮ್ಯಾಡಂ, ನಾಳೆ ಶಾಲೆ ಹುಡುಗರು ಬರಾವ್ರು ಅದಾರ. ಬರೂ ಮುಂದ ಥರ್ಮಾಮೀಟರ್ ಕರಕೊಂಡ ಬರ್ರಿ."

೩. ಬೆನ್ನು ತೋರಿಸುವ ಶಿಕ್ಷಕಿ

ಹದಿನಾಲ್ವರಲ್ಲಿ ನನ್ನ ನಿದ್ದೆಗೆಡಿಸಿದವರು ಒಬ್ಬರೇ, ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದವರು. ಹತ್ತಿರದ ಹಳ್ಳಿಯಲ್ಲಿ ಒಂದು ಎಕರೆ ತರಕಾರಿ ಬೆಳೆಯುತ್ತಿದ್ದ ಹೆಂಗಸು. ಮಣ್ಣಿನ ವಿಷಯ ನನಗಿಂತ ಹತ್ತು ಪಟ್ಟು ಗೊತ್ತು. ಆದರೆ ಪಾಠ ಮಾಡಲು ನಿಲ್ಲಿಸಿದರೆ ಹಲಗೆಯ ಕಡೆ ಮುಖ ಮಾಡಿ, ಹಲಗೆಗೆ ಮಾತ್ರ ಕೇಳುವ ದನಿಯಲ್ಲಿ ಏನೋ ಹೇಳಿ ಬಂದು ಕೂತುಬಿಡುತ್ತಿದ್ದರು. ಮೂರು ವಾರ ತರಗತಿಯವರೆಲ್ಲ ಅವರ ಬೆನ್ನನ್ನೇ ನೋಡಿದರು.

ಒಂದು ದಿನ ಫೌಜಿಗೆ ತಾಳ್ಮೆ ತಪ್ಪಿ, "ವೈನಿ, ಅಬೌಟ್ ಟರ್ನ್!" ಎಂದು ಗುಡುಗಿದರು. ವೈನಿ ಬೆಚ್ಚಿ ಗರಗರನೆ ತಿರುಗಿದರು. ತಿರುಗಿದ ರಭಸಕ್ಕೆ ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಹಲಗೆಯ ಎದುರೇ ನಿಂತರು.

ಎಲ್ಲರೂ ನಕ್ಕರು. ನನಗೆ ಮಾತ್ರ ಸಾಹೇಬರ 'ಖಲಾಸ್' ನೆನಪಾಗಿ ಸಿಟ್ಟು ನೆತ್ತಿಗೇರಿತು. "ಹಿಂಗಾದ್ರ ನೀವೂ ಮುಳಗ್ತೀರಿ, ನನ್ನನ್ನೂ ಮುಳಗಸ್ತೀರಿ" ಎಂದು ರೇಗಿದೆ. ವೈನಿಯ ಕಣ್ಣಲ್ಲಿ ನೀರು ಬಂತು. ಸಂಜೆಯ ತನಕ ಅದು ನನ್ನನ್ನು ಕೊರೆಯಿತು, ತಪ್ಪಾಯಿತು ಎಂದು ಹೇಳೋಣವೆಂದು ಹುಡುಕಿಕೊಂಡು ಹೋದೆ. ಬೋಳು ಪಟ್ಟಿಯ ಕಡೆಯಿಂದ ಗಟ್ಟಿ ದನಿ ಕೇಳಿಸಿತು. ವೈನಿ ಸಲಿಕೆ ಹಿಡಿದು ಆ ಮಣ್ಣನ್ನು ಬೈಯುತ್ತಿದ್ದರು.

"ಏನು ಬಂದೈತಿ ನಿನಗ? ಒಂದು ಮಳಿ ಆದ್ರ ಹರದು ಹೋಗ್ತಿ, ಎರಡು ದಿನ ಬಿಸಲು ಬಿದ್ರ ಬಿರೀತಿ. ಬಾಜೂದವನ ನೋಡು, ಹ್ಯಾಂಗ ನೀರು ಹಿಡದಾನ. ಹೊಟ್ಟಿಗೆ ಏನರೆ ಹಾಕಿದ್ರ ನೀನೂ ಹಿಡೀತಿದ್ದಿ. ಪಾಪ, ನಿನಗರೆ ಯಾರು ಹಾಕ್ಯಾರ?"

ನಾನು ಅಲ್ಲೇ ನಿಂತುಬಿಟ್ಟೆ. ಮೂರು ವಾರದಿಂದ ನಾನು ಹೇಳಲು ಒದ್ದಾಡುತ್ತಿದ್ದ ಪಾಠ ಅದು. ಕೈ ಮಣ್ಣಲ್ಲಿದ್ದರೆ ಈಕೆಯ ಬಾಯಿ ಬಿಚ್ಚುತ್ತದೆ, ಸೀಮೆಸುಣ್ಣ ಹಿಡಿದರೆ ಮುಚ್ಚುತ್ತದೆ. ತಪ್ಪಾಯಿತೆಂದು ಹೇಳಿದೆ, ಅಂದಿನಿಂದ ಅವರ ಕೈಗೆ ಸೀಮೆಸುಣ್ಣ ಕೊಡುವುದನ್ನೇ ಬಿಟ್ಟೆ.

ಮುಂದಿನ ವಾರ ಲಕ್ಷ್ಮೀ ನಗರದ ಒಂದು ಶಾಲೆಯ ಮಕ್ಕಳು ಬಂದರು. ವೈನಿ ನೆಲದಲ್ಲಿ ಕೂತು, ಮೊಣಕೈ ತನಕ ಮಣ್ಣು ಮಾಡಿಕೊಂಡು, ಒಂದು ಗಂಟೆ ಮಾತಾಡಿದರು. "ಮಣ್ಣು ಬೋಳು ಬಿಡಬಾರದು. ಬೋಳು ಬಿಟ್ರ ಬಿಸಲು ಅದರ ಜೀವಾ ಕುಡೀತೈತಿ. ಎಲ್ಲೆ ಬೋಳು ಕಂಡರೂ ಒಂದು ಹಿಡಿ ಹುಲ್ಲು ಹೊಚ್ಚರಿ." ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದವು. ನನಗೆ ಹಿಗ್ಗೋ ಹಿಗ್ಗು.

ಎರಡು ದಿನ ಬಿಟ್ಟು ಒಬ್ಬ ಹುಡುಗಿಯ ತಂದೆ ಫೋನ್ ಮಾಡಿದರು. "ಮ್ಯಾಡಂ, ಪಾಠ ಭಾಳ ಛಲೋ ಆಗೈತಿ. ಮಗಳು ಹೂವಿನ ಕುಂಡಕ್ಕೆಲ್ಲ ಹುಲ್ಲು ಹೊಚ್ಚ್ಯಾಳ, ಸಂತೋಷ. ಆದ್ರ ನನಗ ತಲಿ ಮ್ಯಾಲ ಕೂದಲಿಲ್ಲ. ಮಧ್ಯಾಹ್ನ ಮಲಗಿ ಎದ್ದು ನೋಡ್ತೀನಿ, ನನಗೂ ಹೊಚ್ಚ್ಯಾಳ."

೪. ಒಂದೇ ಬ್ಯಾನರು

ಜುಲೈಯಲ್ಲಿ ಮಳೆ ಹಿಡಿದ ಮೇಲೆ ಬಟ್ಟೆಯ ಪರೀಕ್ಷೆ ಶುರು ಮಾಡಿದ್ದೆವು. ಮಣ್ಣಿಗೆ ಜೀವ ಇದೆಯೋ ಇಲ್ಲವೋ ಎಂದು ನೋಡಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಹತ್ತಿಬಟ್ಟೆ ಹೂಳಬೇಕು, ಎರಡು ತಿಂಗಳು ಬಿಟ್ಟು ಅಗೆಯಬೇಕು. ಮಣ್ಣಲ್ಲಿ ಹುಳ, ಕಣ್ಣಿಗೆ ಕಾಣದ ಜೀವಿಗಳು ಇದ್ದರೆ ಬಟ್ಟೆ ತಿಂದಿರುತ್ತವೆ. "ಒಂದೇ ಬಟ್ಟಿ ಇರಬೇಕು, ಹೊಸಾದು ಇರಬೇಕು, ಅಪ್ಪಟ ಹತ್ತೀದು ಇರಬೇಕು. ಎರಡು ತುಂಡು ಮಾಡಿ ಎರಡೂ ಪಟ್ಟಿಯೊಳಗ ಒಂದೊಂದು ಹೂಳ್ರಿ" ಎಂದು ವೈನಿಗೆ ಒಪ್ಪಿಸಿದ್ದೆ. ಸಂಜೆ ಹಾಜರಿ ಪುಸ್ತಕ ತುಂಬುತ್ತಾ, "ಬಟ್ಟಿ ಸಿಕ್ತೇನು?" ಎಂದೆ. "ಸಿಕ್ತು." "ಹೂಳಿದಿರೇನು?" "ಹೂಳಿದೆ." ತಲೆಯೆತ್ತದೆ ಟಿಕ್ ಹಾಕಿದೆ.

ಸೆಪ್ಟೆಂಬರ್ ಕೊನೆಗೆ ಸಾಹೇಬರು ಬಂದರು, ಜೊತೆಗೆ ಕಚೇರಿಯ ಗುಮಾಸ್ತ, ಫೋಟೊಗ್ರಾಫರ್. ಜೀಪಿನಿಂದ ಇಳಿಯುತ್ತಲೇ ಕೇಳಿದ್ದು ಒಂದೇ ಮಾತು.

"ಬ್ಯಾನರ್ ಎಲ್ಲೈತಿ?"

ಗುಮಾಸ್ತ ವಿವರಿಸಿದ. ಮೊದಲ ದಿನದ ಫೋಟೊ, ಕೊನೆಯ ದಿನದ ಫೋಟೊ, ಎರಡೂ ಒಂದೇ ಬ್ಯಾನರಿನ ಕೆಳಗೆ ಇರಬೇಕು. ಇಲ್ಲದಿದ್ದರೆ ಫೈಲು ಮುಂದೆ ಹೋಗುವುದಿಲ್ಲ. ಫೌಜಿಯನ್ನು ಉಗ್ರಾಣಕ್ಕೆ ಓಡಿಸಿದೆ. ಅವರು ಮರಳಿ ಬಂದು ಸೆಟೆದು ನಿಂತು, "ಬ್ಯಾನರ್ ಗೈರುಹಾಜರ್ ಮ್ಯಾಡಂ" ಎಂದರು.

"ಅದಾ?" ಎಂದರು ವೈನಿ, ಏನೂ ಆಗಿಲ್ಲವೆಂಬಂತೆ. "ಅದನ್ನ ಹೂಳಿದ್ನಲ್ರಿ. ಹೊಸಾದಿತ್ತು, ಅಪ್ಪಟ ಹತ್ತೀದಿತ್ತು, ಸುಮ್ಮ ಮೂಲ್ಯಾಗ ಬಿದ್ದಿತ್ತು."

ನಮ್ಮಂಥವರ ಕಣ್ಣಿಗೆ ಅದು ಕಾರ್ಯಕ್ರಮ. ಅವರ ಕಣ್ಣಿಗೆ ಅದು ಉಪಯೋಗಕ್ಕೆ ಬಾರದೆ ಬಿದ್ದ ಒಳ್ಳೆಯ ಬಟ್ಟೆ. ನಾನು ಹೇಳಿದ ಮೂರು ಗುಣವೂ ಅದಕ್ಕಿತ್ತು, ಆಕೆಯದೇನು ತಪ್ಪು?

ಸಾಹೇಬರ ಮುಖ ಕೆಂಪಾಯಿತು. "ಹೂಳಿದ್ರಿ? ಅದರ ಮ್ಯಾಲ ನನ್ನ ಹೆಸರಿತ್ತಲ್ಲ!"

"ಇತ್ರಿ. ಹೆಸರಿಂದು ಒಂದು ಕಡೆ, ಪಾಠದ್ದು ಒಂದು ಕಡೆ. ನಟ್ಟನಡುವ ನೀಟಾಗಿ ಹರದೇನಿ."

ಖಲಾಸ್, ಎಂದುಕೊಂಡೆ. ಬಿಟ್ಟು ಬಂದ ನೌಕರಿ, ಹದಿನಾಲ್ಕು ಜನರ ನಾಲ್ಕು ತಿಂಗಳ ಓಡಾಟ, ಎಲ್ಲ ಕಣ್ಣೆದುರಿಗೆ ಬಂದು ಅಳುವೇ ಬಂತು. ಕಾಕಾ ಪಕ್ಕಕ್ಕೆ ಬಂದು ತಂಬಿಗೆ ಕೊಟ್ಟರು. "ಮೊದಲ ನೀವು ನೀರು ಕುಡೀರಿ."

ನಾನು ನೀರು ಕುಡಿದು ನೋಡುವಷ್ಟರಲ್ಲಿ ವೈನಿ ಸಲಿಕೆ ಹೆಗಲಿಗೇರಿಸಿ ಹೊರಟಾಗಿತ್ತು. ತಮ್ಮ ಹೆಸರು ಎಲ್ಲಿದೆ ಎಂದು ನೋಡಲು ಸಾಹೇಬರು ಹಿಂದೆ, ಅವರ ಹಿಂದೆ ನಾವೆಲ್ಲ.

ಬೋಳು ಪಟ್ಟಿಯಲ್ಲಿ ಹಗ್ಗದ ತುದಿ ಹೊರಗೆ ಕಾಣುತ್ತಿತ್ತು, ಗುರುತಿಗೆಂದು ವೈನಿ ಬಿಟ್ಟದ್ದು. ನಾಲ್ಕು ಏಟು ಅಗೆದು ಎಳೆದರು. ಬಲಗಡೆಯ ತುಂಡು ಬಂತು. ಕೆಸರು ಕೊಡವಿದರೆ ಸಾಹೇಬರ ಹೆಸರು, ಪದವಿ, ಹುದ್ದೆ, ಒಂದು ಅಕ್ಷರವೂ ಹೋಗಿರಲಿಲ್ಲ. ಸಾಹೇಬರ ಮುಖ ಅರಳಿತು.

"ನೋಡ್ರಿ, ಎಷ್ಟು ಗಟ್ಟಿ ಉಳದೈತಿ!"

"ಉಳೀಲಾರದ ಏನ್ ಮಾಡ್ತೈತ್ರಿ?" ಎಂದರು ವೈನಿ. "ಇಲ್ಲೆ ತಿನ್ನಾಕ ಒಂದು ಹುಳಾನೂ ಇಲ್ಲ. ಸತ್ತ ಮಣ್ಣಿದು."

ಗುಮಾಸ್ತ ಕೆಮ್ಮಿದ. ಫೋಟೊಗ್ರಾಫರ್ ಆಕಾಶ ನೋಡಿದ. ವೈನಿ ಪಕ್ಕದ ಪಟ್ಟಿಗೆ ದಾಟಿ, ಹುಲ್ಲು ಸರಿಸಿ, ಇನ್ನೊಂದು ಹಗ್ಗದ ತುದಿ ಹಿಡಿದು ಎಳೆದರು. ಬರೀ ನೈಲಾನ್ ಹಗ್ಗ ಬಂತು. ಅದರ ಹಿಂದೆ ಒಂದೆರಡು ಎಳೆ ನೂಲು, ಚೂರು ನೀಲಿ ಬಣ್ಣ, ಮತ್ತು ಒಂದು ಮುಷ್ಟಿ ಎರೆಹುಳ.

"ಹವಾಮಾನ ಬದಲಾವಣೆ ಎಲ್ಲಿ ಹೋತು?" ಎಂದರು ಸಾಹೇಬರು.

"ತಿಂದಾವ್ರಿ."

ಆಮೇಲೆ ವೈನಿ ಮಾತಾಡಿದರು. ಸಾಹೇಬರಿಗೆ ಎದುರಾಗಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು. "ಬಟ್ಟಿ ತಿನ್ನೂ ಮಣ್ಣು ಎಲಿ ತಿಂತೈತಿ, ಕೂಳಿ ತಿಂತೈತಿ. ನಾವು ಸುಟ್ಟು ಆಕಾಶಕ್ಕ ಕಳಸೂದನ್ನ ಇದು ಹೊಟ್ಟ್ಯಾಗ ಇಟ್ಕೋತೈತಿ. ಹೊಟ್ಟಿ ತುಂಬಿದ ಮಣ್ಣು ನೀರೂ ಹಿಡೀತೈತಿ. ಮಳಿ ಒಂದು ತಿಂಗಳ ಕೈ ಕೊಟ್ರೂ ಬೆಳಿ ತಡೀತೈತಿ. ಹಿಡೀರಿ, ಮೂಸಿ ನೋಡ್ರಿ." ಸಾಹೇಬರ ಅಂಗೈಯಲ್ಲಿ ಎರಡೂ ಮಣ್ಣು ಹಾಕಿದರು. ಇಸ್ತ್ರಿ ಅಂಗಿಯ ಸಾಹೇಬರು ಮೂಸಿ ನೋಡಿದರು. ಮೂರು ವಾರ ಹಲಗೆಗೆ ಮುಖ ಮಾಡಿ ಅಂಜಿ ನಿಂತ ಹೆಂಗಸು ಅದೇನಾ ಎಂದು ನನಗೇ ನಂಬಿಕೆ ಬರಲಿಲ್ಲ. ನನ್ನ ಕಣ್ಣು ಮತ್ತೆ ತುಂಬಿತು, ಈ ಸಲ ಬೇರೆ ಕಾರಣಕ್ಕೆ.

ಸಾಹೇಬರು ಎರಡೂ ಮಣ್ಣನ್ನು ಅವುಗಳ ಪಟ್ಟಿಗೇ ಮರಳಿ ಹಾಕಿ ಕೈ ಕೊಡವಿದರು. ಕೊನೆಗೆ ಗುಮಾಸ್ತನಿಗೆ, "ಫೈಲಿಗೆ ಒಂದ ಬ್ಯಾನರ್ ಬೇಕಲ್ಲ? ಕಟ್ರಿ" ಎಂದರು.

ಫೌಜಿ ಎರಡು ಹಗ್ಗವನ್ನೂ ಗಂಟು ಹಾಕಿ ಎರಡು ಕಿತ್ತಳೆ ಮರಗಳ ನಡುವೆ ಬಿಗಿದರು. ಬಲಕ್ಕೆ ಕೆಸರು ಮೆತ್ತಿದ ಸಾಹೇಬರ ಹೆಸರು, ಎಡಕ್ಕೆ ಬರೀ ಹಗ್ಗ, ಅದರ ಕೆಳಗೆ ನಮ್ಮ ಹದಿನಾಲ್ಕು ಶಿಕ್ಷಕರು. ಸಾಹೇಬರು ನೆಟ್ಟಗೆ ನಡೆದು ಖಾಲಿ ಹಗ್ಗದ ಕೆಳಗೆ ಹೋಗಿ ನಿಂತರು.

"ಸರ್, ನಿಮ್ಮ ಹೆಸರು ಆ ಕಡೆ ಐತಿ" ಎಂದ ಗುಮಾಸ್ತ.

"ಗೊತ್ತೈತಿ" ಎಂದರು ಸಾಹೇಬರು. "ಮುಂದಿನ ವರ್ಷ ಅದನ್ನೂ ಈ ಕಡೇನ ಹೂಳ್ರಿ."

ಮುಂದಿನ ವರ್ಷ! ಆ ಮಾತು ಹದಿನೈದು ಜನರಿಗೂ ಒಟ್ಟಿಗೇ ಕೇಳಿಸಿತು. ಕಾಕಾ ಟೋಪಿ ಹಾರಿಸಿದರು, ಫೌಜಿ ಆರ್ಡರ್ ಇಲ್ಲದೆಯೇ ಕುಣಿದರು, ನಾನು ನಗುತ್ತಲೂ ಅಳುತ್ತಲೂ ಇದ್ದೆ. ಆ ಗದ್ದಲದ ನಡುವೆ ವೈನಿ ಮಾತ್ರ ಸಲಿಕೆ ಊರಿಕೊಂಡು ಸಾಹೇಬರಿಗೆ ತಾಕೀತು ಮಾಡುತ್ತಿದ್ದರು:

"ಹಂಗಾದ್ರ ಹೆಸರು ಸಣ್ಣದಾಗಿ ಬರಸ್ರಿ ಸಾಹೇಬ. ಬಣ್ಣ ಹುಳಕ್ಕ ಸೇರೂದಿಲ್ಲ."